ಕುಂಕುಮ, ಕಾಡಿಗೆ ಮತ್ತು ಒಂದು ಕಂದು ಸ್ಪಂಜು

2021ರ ನವೆಂಬರಿನಲ್ಲಿ, ಮಗಳ ಎಂಟನೆಯ ಹುಟ್ಟುಹಬ್ಬಕ್ಕೆಂದು ಬೆಂಗಳೂರಿನ ಶಿವಾಜಿನಗರದಿಂದ ಒಂದು ಜೊತೆ ಗೋಲ್ಡ್‌ಫಿಶ್ ತಂದೆವು. ಮೀನಿನ ಜೊತೆಗೆ ಎಂಟು ಲೀಟರ್ ಹಿಡಿಸುವ ಗುಂಡು ಗಾಜಿನ ಬಟ್ಟಲು, ಒಂದು ಪೊಟ್ಟಣ ಬಣ್ಣದ ಕಲ್ಲು, ಒಂದು ಡಬ್ಬಿ ಕೆಂಪು ಕಾಳು ಬಂದವು. ಬೇರೆ ಏನೂ ಬೇಡವೇ ಎಂದು ಕೇಳಿದ್ದಕ್ಕೆ, "ನೀರು ಚೊಕ್ಕಟವಾಗಿ ಇಟ್ಟರೆ ಆಯಿತು ಮೇಡಂ" ಎಂಬ ಉತ್ತರ ಸಿಕ್ಕಿತು. ಚೊಕ್ಕಟವಾಗಿ ಇಡುವುದನ್ನು ನಮ್ಮ ಮನೆಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮ ಅತ್ತೆಯವರು ತಾಮ್ರದ ಬಿಂದಿಗೆಯನ್ನು ದಿನವೂ ಹುಣಿಸೆಹಣ್ಣು ಹಾಕಿ ಬೆಳಗುವವರು. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು, ಪುಸ್ತಕದಲ್ಲಿ ಒಂದು ಚಿತ್ತು ಕಂಡರೂ ಸಹಿಸದವಳು. ಹೀಗಾಗಿ ಪ್ರತಿದಿನ ಬೆಳಗ್ಗೆ ಎರಡೂ ಮೀನುಗಳನ್ನು ಮಗ್ಗಿಗೆ ಹಾಕಿ, ಬಟ್ಟಲನ್ನೂ ಕಲ್ಲುಗಳನ್ನೂ ತಿಕ್ಕಿ ತೊಳೆದು, ನಲ್ಲಿಯಿಂದ ನೇರವಾಗಿ ಹೊಸ ನೀರು ತುಂಬುತ್ತಿದ್ದೆ. ನೀರು ಕನ್ನಡಿಯಂತೆ ಹೊಳೆಯುತ್ತಿತ್ತು. ಒಂಬತ್ತನೆಯ ದಿನ ಒಂದು ಮೀನು, ಹನ್ನೊಂದನೆಯ ದಿನ ಇನ್ನೊಂದು ಸತ್ತಿತು.

ಪಕ್ಕದ ಬೀದಿಯಲ್ಲಿ ಮೀನುಗಾರಿಕೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ರಾಯರೆಂದೇ ಕರೆಯುವುದು. ಮಹಡಿಯ ಮೇಲೆ ಸಿಮೆಂಟ್ ತೊಟ್ಟಿಗಳನ್ನು ಕಟ್ಟಿಸಿಕೊಂಡು ಮೂವತ್ತು ವರ್ಷದಿಂದ ಗೋಲ್ಡ್‌ಫಿಶ್ ಸಾಕುತ್ತಿರುವವರು. ನನ್ನ ದಿನಚರಿಯನ್ನು ಪೂರ್ತಿಯಾಗಿ ಕೇಳಿಸಿಕೊಂಡ ಮೇಲೆ ಅವರು, "ನೀನು ಮೀನನ್ನು ದಿನಾ ಕ್ಲೋರಿನ್ನಿನಲ್ಲಿ ಅದ್ದಿದ್ದೀಯಮ್ಮ" ಎಂದಷ್ಟೇ ಹೇಳಿ ಒಳಗೆ ಕಾಫಿಗೆ ಹೇಳಲು ಹೋದರು. ನಮಗೆ ಕುಡಿಯಲು ಯೋಗ್ಯವಾಗಲೆಂದು ಕಾವೇರಿ ನೀರಿಗೆ ಬೆರೆಸಿದ ಕ್ಲೋರಿನ್ ಮೀನಿನ ಕಿವಿರಿನ ತೆಳು ಪೊರೆಯನ್ನು ಸುಡುತ್ತದೆ. ಅದು ಮೊದಲನೆಯ ತಪ್ಪು. ಎರಡನೆಯದು ಇನ್ನೂ ಆಳದ್ದು. ಮೀನು ತನ್ನ ದೇಹದ ತ್ಯಾಜ್ಯದಲ್ಲಿ ಬಹುಪಾಲನ್ನು ಕಿವಿರಿನ ಮೂಲಕವೇ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ಅಮೋನಿಯಾಕ್ಕೆ ಬಣ್ಣವಿಲ್ಲ, ಆ ಪ್ರಮಾಣದಲ್ಲಿ ವಾಸನೆಯೂ ಇಲ್ಲ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿ, ಇನ್ನೊಂದು ಬಗೆಯದು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮೊದಲ ಎರಡೂ ಮೀನಿಗೆ ವಿಷ, ಮೂರನೆಯದು ಹೆಚ್ಚು ಕೂಡಿಹೋಗದ ಹೊರತು ನಿರಪಾಯಕಾರಿ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದಕ್ಕಿಂತ ಕಲ್ಲು, ಗಾಜು, ಸ್ಪಂಜುಗಳ ಮೇಲೆ ತೆಳ್ಳನೆಯ ಲೋಳೆಯಾಗಿ ಅಂಟಿ ಬದುಕುತ್ತವೆ. ನಾನು ದಿನವೂ ಬೆರಳಿನಿಂದ ಉಜ್ಜಿ ಉಜ್ಜಿ ತೆಗೆಯುತ್ತಿದ್ದ ಆ ಜಾರಿಕೆ ಅದೇ ಆಗಿತ್ತು.

ಇನ್ನೊಮ್ಮೆ ಪ್ರಯತ್ನಿಸುವುದಾದರೆ ಸರಿಯಾದ ತೊಟ್ಟಿಯಲ್ಲೇ ಎಂದು ರಾಯರು ಷರತ್ತು ಹಾಕಿದರು. ಗುಂಡು ಮೈಯ ಗೋಲ್ಡ್‌ಫಿಶ್ ಒಂದಕ್ಕೆ 75 ಲೀಟರ್, ಆಮೇಲೆ ಸೇರಿಸುವ ಪ್ರತಿಯೊಂದಕ್ಕೆ 40 ಲೀಟರ್ ಎನ್ನುವುದು ಅವರ ಲೆಕ್ಕ. ಮೂರು ಮೀನು ಸಾಕುವ ಆಸೆಯಿದ್ದುದರಿಂದ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿಯನ್ನು ಮಾಡಿಸಿದೆವು. ಅಂಚಿನಿಂದ ಎರಡು ಇಂಚು ಕೆಳಗಿನವರೆಗೆ ತುಂಬಿದರೆ ಸುಮಾರು 165 ಲೀಟರ್ ನೀರು. ಗಾಜೂ ಸೇರಿದರೆ ಇನ್ನೂರು ಕೆಜಿ, ಎಂದರೆ 25 ಕೆಜಿಯ ಎಂಟು ಅಕ್ಕಿ ಮೂಟೆ. ನಡುಮನೆಯ ಟೀಪಾಯಿಯ ಮೇಲೆ ಇಡೋಣವೆಂದ ನನ್ನವರು ಈ ಲೆಕ್ಕ ಕೇಳಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿಕೊಂಡು ಬಂದರು.

ಫಿಲ್ಟರ್ ಎಂದರೆ ಕಸ ಸೋಸುವ ಜಾಲರಿ ಎಂದೇ ನಾನು ತಿಳಿದಿದ್ದೆ. ನಿಜದಲ್ಲಿ ಅದು ಆ ಬ್ಯಾಕ್ಟೀರಿಯಾಗಳಿಗೆ ಕಟ್ಟಿಕೊಟ್ಟ ಮನೆ. ಸ್ಪಂಜಿನ ಲಕ್ಷಾಂತರ ಕಂಡಿಗಳಲ್ಲಿ ಅವು ನೆಲೆಸುತ್ತವೆ, ಪಂಪು ಅವುಗಳ ಮೂಲಕ ನೀರನ್ನು ಹಾಯಿಸಿ ಅಮೋನಿಯಾವನ್ನೂ ಆಮ್ಲಜನಕವನ್ನೂ ಉಣಿಸುತ್ತದೆ. ಹೊಸ ಸ್ಪಂಜಿನಲ್ಲಿ ಅವು ತಾವಾಗಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ರಾಯರು ತಮ್ಮ ಹಳೆಯ ಫಿಲ್ಟರಿನಿಂದ ಒಂದು ಸ್ಪಂಜನ್ನು ಎತ್ತಿ, "ಇದನ್ನು ನಿನ್ನ ತೊಟ್ಟಿಯಲ್ಲಿ ಹಿಂಡಿಬಿಡು. ಹೆಪ್ಪು ಇಲ್ಲದೆ ಹಾಲು ಮೊಸರಾಗುತ್ತದೆಯೇ?" ಎಂದರು. ಅದರಿಂದ ಮಡ್ಡಿ ಕಾಫಿಯಂಥ ದ್ರವ ಸೋರುತ್ತಿತ್ತು. ಆಗಷ್ಟೇ ಹೊಳೆಯುವ ಹೊಸ ತೊಟ್ಟಿಯನ್ನು ಒರೆಸಿಟ್ಟು ಬಂದಿದ್ದ ನನಗೆ ಅದನ್ನು ಕೈಯಿಂದ ಮುಟ್ಟುವುದಕ್ಕೇ ಮನಸ್ಸಾಗಲಿಲ್ಲ. ನಾವೇ ಮೊದಲಿನಿಂದ ಮಾಡಿಕೊಳ್ಳುತ್ತೇವೆ ಎಂದು ನಯವಾಗಿ ಹೇಳಿ ಬಂದುಬಿಟ್ಟೆ. ಅವರು ಒತ್ತಾಯಿಸಲಿಲ್ಲ.

ಮೀನಿಲ್ಲದ ತೊಟ್ಟಿಗೆ ಅಮೋನಿಯಾ ಎಲ್ಲಿಂದ ತರುವುದು ಎಂದು ಹುಡುಕಿದಾಗ ಸಿಕ್ಕಿದ್ದು ಹಿಂದೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಿದ್ದ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಗ್ರಂದಿಗೆ ಅಂಗಡಿಯದರಲ್ಲಿ ಏನು ಬೆರೆತಿದೆಯೋ ತಿಳಿಯದು. ಹಾಗಾಗಿ ಪ್ರಯೋಗಾಲಯಕ್ಕೆ ಸಾಮಗ್ರಿ ಮಾರುವ ಅಂಗಡಿಯಿಂದ ಶುದ್ಧವಾದುದನ್ನು ತಂದೆ. 165 ಲೀಟರಿಗೆ ಒಂದು ಗ್ರಾಮ್ ಹಾಕಿದರೆ ಲೀಟರಿಗೆ ಸುಮಾರು ಎರಡು ಮಿಲಿಗ್ರಾಮ್ ಅಮೋನಿಯಾ ಆಗುತ್ತದೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಒಂದನ್ನು ಕೊಂಡು, ಸಂಘದ ಹಳೆಯ ರೋಜುವಾರಿ ಪುಸ್ತಕವೊಂದರಲ್ಲಿ ದಿನವೂ ಬರೆದಿಡತೊಡಗಿದೆ. ಜನವರಿ 20ಕ್ಕೆ ಆರಂಭ. ಎರಡು ವಾರ ನಳಿಗೆಯಲ್ಲಿ ಅದೇ ಹಸಿರು. ಹದಿನೈದನೆಯ ದಿನ ಅಮೋನಿಯಾ ಅರ್ಧಕ್ಕಿಳಿದು, ನೈಟ್ರೈಟಿನ ನಳಿಗೆ ನೇರಳೆಗೆ ತಿರುಗಿತು. ಆಮೇಲೆ ಆ ನೇರಳೆ ಇಳಿಯಲೊಲ್ಲದು. ಮಗಳು ಶಾಲೆಯಿಂದ ಬಂದವಳೇ ಖಾಲಿ ತೊಟ್ಟಿಯ ಮುಂದೆ ನಿಂತು "ಇವತ್ತಾದರೂ ಆಯ್ತಾಮ್ಮ?" ಎನ್ನುವುದು, ಅತ್ತೆಯವರು "ಮೀನಿಲ್ಲದ ನೀರಿಗೆ ಇಷ್ಟು ಪೂಜೆ ಯಾಕೋ" ಎನ್ನುವುದು ನಡೆದೇ ಇತ್ತು. ಫೆಬ್ರವರಿ 26ರಂದು, ಹಿಂದಿನ ದಿನ ಹಾಕಿದ ಒಂದು ಗ್ರಾಮ್ ನವಸಾಗರ ಇಪ್ಪತ್ತನಾಲ್ಕು ಗಂಟೆಯೊಳಗೆ ಪೂರ್ತಿ ಖರ್ಚಾಗಿ, ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಎಂದು ಬರೆದೆ. ಹೆಪ್ಪು ಬೇಡವೆಂದದ್ದಕ್ಕೆ ತೆತ್ತದ್ದು 37 ದಿನ.

ಈ ನಡುವೆ ನಮ್ಮ ಮನೆಯ ನೀರನ್ನೂ ಅಳೆದು ನೋಡಿದ್ದೆ. ಬೆಂಗಳೂರಿನ ಅನೇಕ ಮನೆಗಳಂತೆ ನಮ್ಮಲ್ಲೂ ದಿನ ಬಿಟ್ಟು ದಿನ ಕಾವೇರಿ, ಉಳಿದ ದಿನ ಬೋರ್‌ವೆಲ್. ಸಂಪಿನಲ್ಲಿ ಎರಡೂ ಬೆರೆಯುತ್ತವೆ. ಕಾವೇರಿ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) 180 ಇದ್ದರೆ ಬೋರಿನದು 720. ಗೋಲ್ಡ್‌ಫಿಶ್‌ಗೆ ಗಡಸು ನೀರು ಒಗ್ಗದೆಂಬುದು ಸುಳ್ಳು, ಅದು ಚೆನ್ನಾಗಿಯೇ ಬಾಳುತ್ತದೆ. ಇಂದು ಒಂದು, ನಾಳೆ ಇನ್ನೊಂದು ಎಂಬ ಏರಿಳಿತ ಮಾತ್ರ ಅದಕ್ಕೆ ಆಗದು. ಅದಕ್ಕಾಗಿ ಬದಲಿಸುವ ನೀರನ್ನು ಹಿಂದಿನ ದಿನವೇ ಒಂದು ಡ್ರಮ್ಮಿನಲ್ಲಿ ಹಿಡಿದು, ಗಾಳಿಪಂಪು ಹಾಕಿ ಬಿಡುತ್ತೇನೆ. ಕ್ಲೋರಿನ್ ಹಾರಿಹೋಗುತ್ತದೆ, ಬೋರ್ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಟು ಪಿಎಚ್ (ಆಮ್ಲ-ಕ್ಷಾರದ ಅಳತೆ) ಒಂದು ನೆಲೆಗೆ ನಿಲ್ಲುತ್ತದೆ. ಅವಸರವಿದ್ದಾಗ ಅಂಗಡಿಯವರು ಆಂಟಿ ಕ್ಲೋರಿನ್ ಎಂದು ಮಾರುವ ಸೋಡಿಯಂ ಥಯೋಸಲ್ಫೇಟ್ ಹರಳುಗಳು ಇವೆ. ವಾರಕ್ಕೊಮ್ಮೆ ನಾಲ್ಕು ಬಕೆಟ್, ಅಂದರೆ ಸುಮಾರು 65 ಲೀಟರ್ ನೀರನ್ನು ಪೈಪಿನಿಂದ ತಳದ ಹೇಸಿಗೆಯೊಡನೆ ಎಳೆದು ತೆಗೆದು ಅಷ್ಟೇ ಹೊಸ ನೀರು ತುಂಬುವುದು ನೀರಿಗೆ ಬರ ಬಂದ ಒಂದು ಬೇಸಗೆ ಬಿಟ್ಟರೆ ಅಂದಿನಿಂದ ಇಂದಿನವರೆಗೂ ಭಾನುವಾರದ ಕೆಲಸ.

ಮಾರ್ಚ್ ಮೊದಲ ವಾರ ಗೋಲ್ಡ್‌ಫಿಶ್‌ನ ಮೂರು ಬೇರೆ ಬೇರೆ ತಳಿಯ ಮೂರು ಮೀನು ತಂದೆವು. ಬಿಳಿ ಮೈ, ನೆತ್ತಿಯ ಮೇಲೆ ಹಿಪ್ಪುನೇರಳೆ ಹಣ್ಣಿನಂತೆ ಉಬ್ಬಿದ ಕೆಂಪು ಗಡ್ಡೆಯಿದ್ದ ಒರಾಂಡಾಕ್ಕೆ ಮಗಳು ಕುಂಕುಮ ಎಂದು ಹೆಸರಿಟ್ಟಳು. ಉಬ್ಬುಗಣ್ಣಿನ ಬ್ಲ್ಯಾಕ್ ಮೂರ್ ಕಾಡಿಗೆ. ಬೆನ್ನು ಗೂನಿ, ಹೊಟ್ಟೆ ಚೆಂಡಿನಂತಿದ್ದ ರ್‍ಯೂಕಿನ್ ಲಡ್ಡು. ಸಾವಿರ ವರ್ಷಗಳಿಗೂ ಹಿಂದೆ ಚೀನಾದ ಕೊಳಗಳಲ್ಲಿ ಮಾಸಲು ಹಸಿರು ಬಣ್ಣದ ಒಂದು ಕೆರೆಮೀನಿನ ನಡುವೆ ಅಲ್ಲೊಂದು ಇಲ್ಲೊಂದು ಕಾಣಿಸಿಕೊಂಡ ಹೊಂಬಣ್ಣದ ಮರಿಗಳನ್ನು ಆರಿಸಿ ಆರಿಸಿ ಬೆಳೆಸಿದ್ದರ ಫಲ ಇವು. ಮುಂದೆ ಜಪಾನಿನವರೂ ತಮ್ಮ ಕೈಚಳಕ ಸೇರಿಸಿದರು. ಇಂದಿಗೂ ಇವುಗಳ ಮರಿ ಹುಟ್ಟುವಾಗ ಕಂಚಿನ ಬೂದು ಬಣ್ಣದಲ್ಲೇ ಇರುತ್ತದೆ, ಬಣ್ಣ ಆಮೇಲೆ ತಿರುಗುತ್ತದೆ. ಮನುಷ್ಯ ಅಂದಕ್ಕಾಗಿ ಮೈಯನ್ನು ಗಿಡ್ಡಗೊಳಿಸಿ, ಕಣ್ಣನ್ನು ಹೊರಗೆಳೆದು, ನೆತ್ತಿಯ ಮೇಲೆ ಗಡ್ಡೆ ಬೆಳೆಸಿದ ಪ್ರಾಣಿ ಇದು. ಕಾಡಿಗೆಗೆ ದೃಷ್ಟಿ ಮಂದ, ಲಡ್ಡುವಿಗೆ ಒಳಗಿನ ಅಂಗಗಳೆಲ್ಲ ಇಕ್ಕಟ್ಟು. ಉದ್ದ ಮೈಯ ಸಾಧಾರಣ ಗೋಲ್ಡ್‌ಫಿಶ್ ಜೊತೆಗೆ ಬಿಟ್ಟರೆ ಇವಕ್ಕೆ ಒಂದು ಕಾಳೂ ದಕ್ಕುವುದಿಲ್ಲ. ತೊಟ್ಟಿ ತಾನೇ ಶುಚಿಯಾಗುತ್ತದೆಂದು ಸಕ್ಕರ್ ಮೀನನ್ನು ಕಟ್ಟಿಕೊಡಲು ಅಂಗಡಿಯ ಹುಡುಗ ಸಿದ್ಧನಾಗಿದ್ದ. ಪಾಚಿ ಸಾಲದೆ ಹೋದಾಗ ಅದು ಗೋಲ್ಡ್‌ಫಿಶ್‌ನ ಮೈಮೇಲಿನ ಲೋಳೆಗೇ ಬಾಯಿ ಹಾಕುತ್ತದೆಂದು ಮೊದಲೇ ಕೇಳಿದ್ದರಿಂದ ಬೇಡವೆಂದೆ.

ಮೊದಲ ಪೆಟ್ಟು ನೀರಿನಿಂದ ಬರಲಿಲ್ಲ, ಬಣ್ಣದ ಕಲ್ಲಿನಿಂದ ಬಂತು. ಗೋಲ್ಡ್‌ಫಿಶ್ ದಿನವಿಡೀ ತಳವನ್ನು ಬಾಯಿಗೆ ತುಂಬಿಕೊಂಡು ಜಾಲಿಸಿ ಉಗುಳುತ್ತಿರುತ್ತದೆ. ಒಂದು ಸಂಜೆ ಕುಂಕುಮ ಬಾಯಿ ತೆರೆದದ್ದನ್ನು ಮುಚ್ಚದೆ ಮೂಲೆಯಲ್ಲಿ ನಿಂತಿತ್ತು. ಟಾರ್ಚು ಹಾಕಿ ನೋಡಿದರೆ ಗಂಟಲಿನಲ್ಲಿ ಕಡಲೆಬೇಳೆಯಷ್ಟು ದೊಡ್ಡ ನೀಲಿ ಕಲ್ಲು. ರಾಯರು ಫೋನಿನಲ್ಲಿ ಹೇಳಿದಂತೆ ಮಾಡಿದೆ: ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನ ಮಟ್ಟದಲ್ಲೇ ಅಂಗೈಯಲ್ಲಿ ಹಿಡಿದು, ಬಾಯಿ ಕೆಳಗಾಗುವಂತೆ ಬಾಗಿಸಿ, ಗಂಟಲ ಕೆಳಭಾಗವನ್ನು ಹೆಬ್ಬೆರಳಿನಿಂದ ಹಿಂದಿನಿಂದ ಮುಂದಕ್ಕೆ ಮೆಲ್ಲನೆ ಒತ್ತಿದೆ. ಅಂಗೈಯಲ್ಲಿ ಅದರ ಕಿವಿರು ಎರಡು ಸಲ ಬಡಿದದ್ದು ಈಗಲೂ ನೆನಪಿದೆ. ಮೂರನೆಯ ಬಾರಿಗೆ ಕಲ್ಲು ಟಿಣ್ ಎಂದು ತಳಕ್ಕೆ ಬಿತ್ತು. ಆ ರಾತ್ರಿಯೇ ಕಲ್ಲುಗಳನ್ನೆಲ್ಲ ತೆಗೆದು ತಳವನ್ನು ಬರಿದಾಗಿಸಿದೆವು. ಅವು ಈಗ ಅತ್ತೆಯವರ ತುಳಸಿ ಕಟ್ಟೆಯ ಸುತ್ತ ಇವೆ.

ಆಹಾರದ ವಿಷಯಕ್ಕೆ ಬಂದರೆ, ಈ ಮೀನಿಗೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುವುದರಿಂದ ಅದಕ್ಕೆ ಸಾಕು ಎನ್ನಿಸುವುದೇ ಇಲ್ಲ. ಎದುರಿಗೆ ಯಾರು ಬಂದರೂ ಮೂರು ದಿನದಿಂದ ಉಪವಾಸವಿದ್ದಂತೆ ಬಾಲ ಬಡಿಯುತ್ತದೆ. ಮನೆಗೆ ಬಂದ ನೆಂಟರೆಲ್ಲ ಅದಕ್ಕೆ ಮರುಳಾಗಿ ಒಂದೊಂದು ಚಿಟಿಕೆ ಹಾಕಿದ ಒಂದು ಭಾನುವಾರದ ಮಾರನೆಯ ದಿನ ಲಡ್ಡು ಬಾಲ ಮೇಲೆ, ತಲೆ ಕೆಳಗೆ ಮಾಡಿ ಬುರುಡೆಯಂತೆ ತೇಲುತ್ತಿತ್ತು. ಗೋಲ್ಡ್‌ಫಿಶ್‌ನ ಒಳಗೆ ಎರಡು ಅರೆಗಳ ಗಾಳಿಚೀಲವಿದೆ, ಅದರಿಂದ ಒಂದು ಕೊಳವೆ ಅನ್ನನಾಳಕ್ಕೆ ಕೂಡುತ್ತದೆ. ಕರುಳು ಬಿಗಿದರೂ, ತೇಲುವ ಕಾಳಿನ ಜೊತೆಗೆ ಗಾಳಿ ನುಂಗಿದರೂ ಗುಂಡು ಮೈಯಲ್ಲಿ ಆ ಚೀಲದ ತೂಕ ತಪ್ಪುತ್ತದೆ. ಎರಡು ದಿನ ಏನೂ ಹಾಕದೆ, ಮೂರನೆಯ ದಿನ ಸಿಪ್ಪೆ ಸುಲಿದು ಬೇಯಿಸಿದ ಅರ್ಧ ಹಸಿ ಬಟಾಣಿಯನ್ನು ಹಿಸುಕಿ ಕೊಟ್ಟ ಮೇಲೆ ಲಡ್ಡು ನೆಟ್ಟಗಾಯಿತು. ಬಟಾಣಿಯ ಪವಾಡವೆಂದು ಎಲ್ಲರೂ ಹೇಳುತ್ತಾರೆ. ನನಗೆ ಕಂಡಂತೆ ಗುಣಪಡಿಸಿದ್ದು ಉಪವಾಸ. ಮೈಯ ಆಕಾರದಿಂದಲೇ ತೂಕ ತಪ್ಪಿದ ಮೀನಿಗೆ ಬಟಾಣಿಯೂ ನಾಟದು. ಅಂದಿನಿಂದ ಮುಳುಗುವ ಕಾಳನ್ನೇ, ಐದು ನಿಮಿಷ ನೀರಿನಲ್ಲಿ ನೆನೆಸಿ, ದಿನಕ್ಕೆ ಎರಡು ಹೊತ್ತು, ಎರಡು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ ಕೊಡುತ್ತೇವೆ. ಅತ್ತೆಯವರು ಶನಿವಾರ ಒಪ್ಪತ್ತು ಮಾಡುವವರು. ಅಂದು ಮೀನಿಗೆ ಅದೂ ಇಲ್ಲ, ಪೂರಾ ಉಪವಾಸ. ಕಾಡಿಗೆಗೆ ಕಣ್ಣು ಸಾಲದ ಕಾರಣ ಕಾಳನ್ನು ಯಾವಾಗಲೂ ಎಡ ಮೂಲೆಗೇ ಹಾಕುವುದು, ಅದು ವಾಸನೆ ಹಿಡಿದು ಅಲ್ಲಿಗೆ ಬರಲು ಕಲಿತಿದೆ.

ಒಂದು ಬೇಸಗೆಯಲ್ಲಿ ಕಾಡಿಗೆಯ ಕಿವಿರು ಮುಚ್ಚಳದ ಮೇಲೆ ಬಿಳಿ ಚುಕ್ಕೆಗಳು ಕಂಡವು. ಬಿಳಿ ಚುಕ್ಕೆ ರೋಗದ ಹೆಸರು ಕೇಳಿದ್ದ ನಾನು ನೀಲಿ ಔಷಧದ ಬಾಟಲಿಯ ಮುಚ್ಚಳ ತೆಗೆದೇಬಿಟ್ಟಿದ್ದೆ. ಪುಣ್ಯಕ್ಕೆ ರಾಯರು ಬಂದು ಕನ್ನಡಕ ಏರಿಸಿ ನೋಡಿ, "ಇದು ರೋಗವಲ್ಲಮ್ಮ, ಪ್ರಾಯ" ಎಂದು ನಕ್ಕರು. ಗಂಡು ಮೀನಿಗೆ ಮೊಟ್ಟೆಯ ಕಾಲದಲ್ಲಿ ಕಿವಿರು ಮುಚ್ಚಳದ ಮೇಲೂ ಎದೆಯ ಈಜುರೆಕ್ಕೆಯ ಮೊದಲ ಕಡ್ಡಿಯ ಮೇಲೂ ಇಂಥ ಮೊಡವೆ ಏಳುತ್ತದೆ. ಅವು ಸಾಲಾಗಿ ಒಂದೇ ಜಾಗದಲ್ಲಿರುತ್ತವೆ, ಮೀನು ಲವಲವಿಕೆಯಿಂದಿರುತ್ತದೆ. ನಿಜವಾದ ರೋಗ 2023ರ ಜೂನಿನಲ್ಲಿ, ಮಳೆ ಹಿಡಿದು ನೀರು ಥಟ್ಟನೆ ತಣ್ಣಗಾದ ವಾರ ಬಂತು, ಅದೂ ನಾನು ಹೊಸದಾಗಿ ತಂದ ಒಂದು ಪರ್ಲ್‌ಸ್ಕೇಲ್ ಮೀನಿನ ಮೈಮೇಲೆ. ಹೊಸ ಮೀನನ್ನು ನಾಲ್ಕು ವಾರ ಬೇರೆ ಟಬ್ಬಿನಲ್ಲಿಡಬೇಕೆಂಬ ಮಾತನ್ನು ಪಾಲಿಸಿದ್ದರಿಂದ ಉಳಿದವು ಬಚಾವಾದವು. ಮೈಯೆಲ್ಲ ಉಪ್ಪು ಉದುರಿಸಿದಂತೆ ಚುಕ್ಕೆ, ಟಬ್ಬಿನ ಗೋಡೆಗೆ ಮೈ ಉಜ್ಜುವುದು. ಚರ್ಮದಡಿ ಕುಳಿತ ಆ ಪರೋಪಜೀವಿಗೆ ಯಾವ ಮದ್ದೂ ತಾಗದು. ಅದು ಉದುರಿ, ತಳದಲ್ಲಿ ಒಡೆದು ನೂರಾರಾಗಿ, ಹೊಸ ಆಸರೆ ಹುಡುಕಿ ಈಜುವ ಹೊತ್ತಿಗೆ ಮಾತ್ರ ಸಾಯುತ್ತದೆ. ಲೀಟರಿಗೆ ಮೂರು ಗ್ರಾಮಿನಂತೆ ಅಯೋಡಿನ್ ಬೆರೆಸದ ಕಲ್ಲುಪ್ಪನ್ನು ಮೂರು ಕಂತಿನಲ್ಲಿ ಕರಗಿಸಿ ಹಾಕಿದೆ. ಆರನೆಯ ದಿನ ಚುಕ್ಕೆಗಳೆಲ್ಲ ಮಾಯವಾದರೂ ಉಪ್ಪನ್ನು ಎರಡು ವಾರ ಮುಂದುವರಿಸಿದೆ. ಚುಕ್ಕೆ ಹೋಯಿತೆಂದು ಅಲ್ಲಿಗೇ ಬಿಟ್ಟಿದ್ದರೆ ಅದು ಇನ್ನೊಂದು ಸುತ್ತು ಬರುತ್ತಿತ್ತು.

ಹೇಳಲು ನಾಚಿಕೆಯಾಗುವ ಭಾಗ ಅದಕ್ಕೂ ಹಿಂದಿನದು. 2022ರ ದೀಪಾವಳಿಯ ನೀರು ತುಂಬುವ ಹಬ್ಬ. ಅಂದು ಬಚ್ಚಲ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಹೂವಿನ ಹಾರ ಹಾಕಿ ನೀರು ತುಂಬುವುದು ನಮ್ಮ ಪದ್ಧತಿ. ಮನೆಯಲ್ಲಿ ನೀರು ನಿಲ್ಲುವ ಪಾತ್ರೆ ಪಗಡೆಯೆಲ್ಲ ಅಂಗಳಕ್ಕೆ ಬರುತ್ತವೆ. ಎಂಟು ತಿಂಗಳು ನಾನು ಫಿಲ್ಟರಿನ ಸ್ಪಂಜನ್ನು ಹದಿನೈದು ದಿನಕ್ಕೊಮ್ಮೆ ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಎರಡು ಸಲ ಹಿಂಡಿ ಹಾಗೇ ಇಡುತ್ತಿದ್ದೆ. ಅಂದು ಅತ್ತೆಯವರು ಅದನ್ನು ನೋಡಿ, "ಹಬ್ಬದ ದಿನವೂ ಈ ಗಲೀಜು ಹಾಗೇ ಇರಬೇಕೇನೇ?" ಎಂದರು. ಅವರ ಮೇಲೆ ತಪ್ಪು ಹೊರಿಸಲಾರೆ. ನನ್ನ ಕೈಯೂ ತುರಿಸುತ್ತಿತ್ತು. ಸ್ಪಂಜುಗಳನ್ನೂ ಫಿಲ್ಟರಿನ ಡಬ್ಬಿಯನ್ನೂ ಬಚ್ಚಲಿಗೆ ಒಯ್ದು, ಬಿಸಿನೀರು ಸುರಿದು, ಬ್ರಷ್ಷಿನಿಂದ ತಿಕ್ಕಿ, ಅವು ಅಂಗಡಿಯಲ್ಲಿದ್ದ ದಿನದಂತೆ ಬಿಳಿಯಾಗುವವರೆಗೆ ನಲ್ಲಿಯಡಿ ಹಿಂಡಿದೆ. ಅಷ್ಟರ ಮೇಲೆ ಒಳಗಾಜಿನ ಪಾಚಿಯನ್ನೂ ಉಜ್ಜಿ ತೆಗೆದೆ. ಆ ಸಂಜೆ ದೀಪದ ಬೆಳಕಿನಲ್ಲಿ ತೊಟ್ಟಿ ಹೇಗೆ ಕಂಡಿತ್ತೆಂದರೆ, ಬಂದವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ನರಕ ಚತುರ್ದಶಿ ಕಳೆದು ಮಾರನೆಯ ಬೆಳಗ್ಗೆ ಮೂರೂ ಮೀನುಗಳು ನೀರಿನ ಮೇಲ್ಮೈಯಲ್ಲಿ ಬಾಯಿ ಬಡಿಯುತ್ತಿದ್ದವು, ಈಜುರೆಕ್ಕೆ ಮೈಗೆ ಅಂಟಿತ್ತು. ಅಮೋನಿಯಾ ಲೀಟರಿಗೆ ಒಂದು ಮಿಲಿಗ್ರಾಮ್. ನಮ್ಮ ನೀರಿನ ಪಿಎಚ್ 8 ಇರುವುದೇ ಇಲ್ಲಿ ಮುಳುವಾಯಿತು. ಪಿಎಚ್ 7ರಲ್ಲಿ, 25 ಡಿಗ್ರಿ ಶಾಖದಲ್ಲಿ, ಒಟ್ಟು ಅಮೋನಿಯಾದ ನೂರಕ್ಕೆ ಒಂದು ಪಾಲೂ ವಿಷದ ರೂಪದಲ್ಲಿರುವುದಿಲ್ಲ; 8ರಲ್ಲಿ ಅದು ಐದು ಪಾಲು ದಾಟುತ್ತದೆ. ಅದೇ ಅಂಕಿ, ಹತ್ತರಷ್ಟು ವಿಷ. ಹೊತ್ತಿಗೆ ಅರ್ಧದಂತೆ ದಿನಕ್ಕೆರಡು ಬಾರಿ ನೀರು ಬದಲಿಸಿದೆ, ಆಹಾರ ನಿಲ್ಲಿಸಿದೆ. ಕೊನೆಗೆ ಸ್ಟೀಲ್ ಡಬ್ಬಿ ಹಿಡಿದು ರಾಯರ ಮನೆಯ ಮೆಟ್ಟಿಲು ಹತ್ತಿದೆ. ಅವರು ಏನನ್ನೂ ಕೇಳಲಿಲ್ಲ, ಹಳೆಯ ಫಿಲ್ಟರಿನಿಂದ ಒಂದು ಸ್ಪಂಜನ್ನೇ ತೆಗೆದು ಡಬ್ಬಿಗೆ ಹಾಕಿದರು. ಒಂಬತ್ತು ತಿಂಗಳ ಹಿಂದೆ ಮುಟ್ಟಲೊಲ್ಲದ ಆ ಕಂದು ನೀರನ್ನು ನಮ್ಮ ಬಿಳಿ ಸ್ಪಂಜಿನ ಮೇಲೆ ಎರಡೂ ಕೈಯಿಂದ ಹಿಂಡಿದೆ. ಹತ್ತಿರದಿಂದ ಅದಕ್ಕೆ ದುರ್ವಾಸನೆಯೇನೂ ಇರಲಿಲ್ಲ. ಮೊದಲ ಮಳೆಗೆ ನೆಂದ ಮಣ್ಣಿನ ವಾಸನೆಯಿತ್ತು.

ಲಡ್ಡು ಅದಕ್ಕೆ ಕಾಯಲಿಲ್ಲ, ಬಲಿಪಾಡ್ಯಮಿಯ ಮಾರನೆಯ ದಿನ ಸತ್ತಿತು. ಉಳಿದೆರಡಕ್ಕೆ ಇನ್ನೊಂದು ಗಂಡಾಂತರವಿತ್ತು: ಅಮೋನಿಯಾ ಇಳಿಯುತ್ತಿದ್ದಂತೆ ನೈಟ್ರೈಟ್ ಏರಿತು. ಅದು ಕಿವಿರಿನ ಮೂಲಕ ರಕ್ತಕ್ಕೆ ಹೋಗಿ ಆಮ್ಲಜನಕ ಹೊರುವ ಶಕ್ತಿಯನ್ನು ಕೆಡಿಸುತ್ತದೆ. ಲೀಟರಿಗೆ ಒಂದು ಗ್ರಾಮ್ ಉಪ್ಪು ಹಾಕಿದರೆ ಉಪ್ಪಿನ ಕ್ಲೋರೈಡ್ ಆ ದಾರಿಯನ್ನು ಅಡ್ಡಗಟ್ಟುತ್ತದೆ ಎಂಬುದನ್ನು ಆಗ ಕಲಿತೆ. ಹೊಸ ಹೆಪ್ಪಿನಿಂದ ಹನ್ನೆರಡು ದಿನದಲ್ಲಿ ಎರಡೂ ಸೊನ್ನೆಗೆ ಬಂದವು. ಅಷ್ಟರಲ್ಲಿ ಕುಂಕುಮದ ಬಿಳಿ ಈಜುರೆಕ್ಕೆಯ ಅಂಚಿಗೆ ಮಸಿ ಬಳಿದಂತೆ ಕಪ್ಪು ಕಾಣಿಸಿತು. ಕೊಳೆಯುತ್ತಿದೆ ಎಂದು ನಾನು ಗಾಬರಿಗೊಂಡರೆ, ರಾಯರು ಅದು ಸುಟ್ಟ ಗಾಯ ಮಾಯುವ ಗುರುತು ಎಂದರು. ಒಂದೂವರೆ ತಿಂಗಳಿಗೆ ಕಪ್ಪು ತಾನಾಗಿ ಮಾಸಿತು.

2024ರ ಬೇಸಗೆ ಬೇರೆ ಬಗೆಯ ಪರೀಕ್ಷೆ. ಬೋರ್ ಬತ್ತಿತು. ಮಾರ್ಚಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಪ್ರಕಟಿಸಿತು. ಟ್ಯಾಂಕರಿಗೆ ಕಾಯುವ ಬೀದಿಯಲ್ಲಿ ಮೀನಿಗಾಗಿ ವಾರಕ್ಕೆ 65 ಲೀಟರ್ ಚೆಲ್ಲುವುದು ಹೇಗೆ? ಮೀನಿಗೆ ಹಾಕುವುದನ್ನು ಒಂದು ಹೊತ್ತಿಗಿಳಿಸಿ, ನೀರು ಬದಲಿಸುವುದನ್ನು ಎರಡು ಬಕೆಟ್‌ಗೆ ಇಳಿಸಿದೆ. ತೊಟ್ಟಿಯ ಮೇಲೆ ಮನಿಪ್ಲಾಂಟ್ ಬಳ್ಳಿಯ ಬೇರುಗಳನ್ನು ಇಳಿಬಿಟ್ಟೆ, ಅದು ನೈಟ್ರೇಟನ್ನು ಹೀರಿ ಕಿಟಕಿ ತುಂಬ ಹಬ್ಬಿತು. ತೆಗೆದ ಹಳೆಯ ನೀರು ತುಳಸಿಗೆ, ಕರಿಬೇವಿಗೆ. ಗೊಬ್ಬರವೂ ಆಯಿತು, ನಲ್ಲಿ ನೀರನ್ನು ಗಿಡಕ್ಕೆ ಮುಟ್ಟಿಸಬೇಕಾಗಲೂ ಇಲ್ಲ. ಏಪ್ರಿಲಿನಲ್ಲಿ ಊರಿನ ಬಿಸಿಲು 38 ಡಿಗ್ರಿ ದಾಟಿದಾಗ ತೊಟ್ಟಿಯ ನೀರು 31ಕ್ಕೆ ಹೋಯಿತು. ಈ ಮೀನಿಗೆ ಹಿತವಾದದ್ದು 18ರಿಂದ 24. ಬಿಸಿಯಾದಷ್ಟೂ ನೀರು ಆಮ್ಲಜನಕವನ್ನು ಕಡಿಮೆ ಹಿಡಿದುಕೊಳ್ಳುತ್ತದೆ: ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರಿಗೆ ಲೀಟರಿಗೆ ಒಂಬತ್ತು ಮಿಲಿಗ್ರಾಮ್, 30 ಡಿಗ್ರಿಗೆ ಏಳೂವರೆ, 900 ಮೀಟರ್ ಎತ್ತರದ ನಮ್ಮೂರಿನಲ್ಲಿ ಇನ್ನೂ ಕಡಿಮೆ. ಮುಚ್ಚಳ ತೆಗೆದು ಜಾಲರಿ ಹಾಕಿ, ಮೇಲೊಂದು ಸಣ್ಣ ಫ್ಯಾನು ತಿರುಗಿಸಿದೆ, ಎರಡು ಡಿಗ್ರಿ ಇಳಿಯಿತು. ಕರೆಂಟ್ ಹೋದ ರಾತ್ರಿಗಳಿಗೆ ಬ್ಯಾಟರಿಯ ಗಾಳಿಪಂಪು ಇದೆ. ಅದರ ಗಾಳಿಕಲ್ಲನ್ನು ಸ್ಪಂಜಿನ ಬುಡದಲ್ಲೇ ಇಡುತ್ತೇನೆ, ಮೀನಿನಷ್ಟೇ ಅದಕ್ಕೂ ಉಸಿರು ಬೇಕು.

ಈಗ ನೀರು ತುಂಬುವ ಹಬ್ಬದ ಬೆಳಗ್ಗೆ ಅತ್ತೆಯವರು ಕೆಲಸದವಳಿಗೆ ಮೊದಲೇ ಹೇಳಿಬಿಡುತ್ತಾರೆ: "ಆ ಪೆಟ್ಟಿಗೆಯೊಳಗಿನದೊಂದನ್ನು ಮುಟ್ಟಬೇಡ, ಅದು ಅವಳ ಮೊಸರು." ಪರ್ಲ್‌ಸ್ಕೇಲ್ ಟಬ್ಬಿನಿಂದ ಬಡ್ತಿ ಪಡೆದು ಲಡ್ಡುವಿನ ಜಾಗಕ್ಕೆ ಬಂದಿದೆ. ಹಿಂಬದಿಯ ಗಾಜಿನ ಪಾಚಿಯನ್ನು ನಾನು ಉಜ್ಜುವುದಿಲ್ಲ, ಮೂರೂ ಅದನ್ನು ಮೇಯುತ್ತವೆ. ಕುಂಕುಮ ಒಂದು ಗೇಣು ಬೆಳೆದಿದೆ, ನೆತ್ತಿಯ ಕೆಂಪು ಗಡ್ಡೆ ಇಳಿದು ಇಳಿದು ಬಲಗಣ್ಣನ್ನು ಮುಕ್ಕಾಲು ಮುಚ್ಚಿದೆ. ಕತ್ತರಿಸುವವರೂ ಇದ್ದಾರೆ, ರಕ್ತ ಬರುವುದಿಲ್ಲವೆನ್ನುತ್ತಾರೆ, ನನಗೆ ಧೈರ್ಯವಿಲ್ಲ. ಮಳೆಗಾಲ ಕಳೆಯಲಿ ನೋಡೋಣ ಎಂದು ರಾಯರು ಹೇಳಿದ್ದಾರೆ. ಅಲ್ಲಿಯವರೆಗೆ ಅದರ ಪಾಲಿನ ಕಾಳುಗಳನ್ನು ಅದರ ಎಡಗಣ್ಣಿಗೆ ಕಾಣುವಂತೆ ಒಂದೊಂದಾಗಿ ಬಿಡುತ್ತಿದ್ದೇನೆ.